ರಾಣಿಯ ಗೌನು ಹೊಲಿಯುವುದಾದರೆ ಮಲ್ಮಲ್‌ನಿಂದ ಶುರು ಮಾಡಿ

ನಮಸ್ಕಾರ ಮೇಡಂ. ಫ್ರಾನ್ಸಿನ ರಾಣಿ ಮರಿ ಆಂಟೋನೆಟ್ ತೊಡುತ್ತಿದ್ದಂಥ ಗೌನು ಹೊಲಿಯುವ ಆಸೆ, ಅದಕ್ಕೆ ಬ್ರೊಕೇಡ್ ಕೊಳ್ಳಲೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಕೊಳ್ಳಬೇಡಿ.

ನೀವು ಹಾಕಿರುವ ಚಿತ್ರದಲ್ಲಿರುವುದು ‘ರೋಬ್ ಆ ಲಾ ಫ್ರಾಂಸೇಸ್’. ಬೆನ್ನ ಮೇಲೆ ಕತ್ತಿನಿಂದ ನೆಲದವರೆಗೆ ಇಳಿಯುವ ಅಗಲ ನೆರಿಗೆಗಳು, ಲಂಗವನ್ನು ಎರಡು ಬದಿಗೆ ಚಾಚಿಸುವ ‘ಪ್ಯಾನಿಯೆ’ ಚೌಕಟ್ಟು, ಎದೆಗೆ ತ್ರಿಕೋನದ ಪಟ್ಟಿ. ಚೌಕಟ್ಟು ಮತ್ತು ಒಳಗಿನ ಬಿಗಿರವಿಕೆಯನ್ನು ಮೊದಲು ಹೊಲಿದು, ಅವನ್ನು ತೊಟ್ಟ ಮೇಲೆಯೇ ಗೌನಿನ ಅಳತೆ ತೆಗೆಯಬೇಕು. ಮೊದಲ ಪ್ರಯತ್ನಕ್ಕೆ ಅದು ತೀರಾ ಹೆಚ್ಚಾಯಿತು.

ಅದರ ಬದಲು ‘ಶೆಮೀಸ್ ಆ ಲಾ ರೆನ್’ ಹೊಲಿಯಿರಿ. ಸರಳವೆಂದು ಮಾತ್ರ ಹೇಳುತ್ತಿಲ್ಲ. ಆ ರಾಣಿಯ ಉಡುಪುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅದೇ. ಅರಮನೆಯ ಶಿಷ್ಟಾಚಾರದಿಂದ ದೂರ, ವರ್ಸೈ ಅರಮನೆಯ ಆವರಣದಲ್ಲಿದ್ದ ಪುಟ್ಟ ಮಹಲು ಪೆತಿ ತ್ರಿಯಾನೊನ್‌ನ ತೋಟದಲ್ಲಿ ಅವಳು ತೊಡುತ್ತಿದ್ದ ಬಿಳಿ ಮಸ್ಲಿನ್ (ನಮ್ಮ ಮಲ್ಮಲ್‌ನಂಥ ತೆಳು ಹತ್ತಿ ಬಟ್ಟೆ) ಗೌನು ಅದು. ಚಿತ್ರಕಾರ್ತಿ ವಿಜೆ ಲ ಬ್ರನ್ ಅವಳನ್ನು ಆ ಉಡುಪಿನಲ್ಲಿ ಚಿತ್ರಿಸಿ 1783ರ ಪ್ಯಾರಿಸ್ ಪ್ರದರ್ಶನದಲ್ಲಿಟ್ಟಾಗ, ರಾಣಿ ಒಳಉಡುಪಿನಲ್ಲಿ ನಿಂತಿದ್ದಾಳೆ ಎಂದು ಜನ ರೇಗಿದರು. ಲಿಯೋನ್‌ನ ರೇಷ್ಮೆ ನೇಕಾರರ ಅನ್ನ ಕಸಿಯುತ್ತಿದ್ದಾಳೆ ಎಂಬ ದೂರೂ ಎದ್ದಿತು. ಕೊನೆಗೆ ಚಿತ್ರವನ್ನು ತೆಗೆದು, ರೇಷ್ಮೆ ಗೌನು ತೊಟ್ಟ ಇನ್ನೊಂದನ್ನು ಇಡಬೇಕಾಯಿತು. ಐದು ವರ್ಷಗಳ ನಂತರ, 1788ರಲ್ಲಿ, ಟಿಪ್ಪು ಸುಲ್ತಾನನ ರಾಯಭಾರಿಗಳು ವರ್ಸೈಗೆ ಹೋದಾಗ ಅವರಲ್ಲೊಬ್ಬನಾದ ದರ್ವೇಶ್ ಖಾನನನ್ನು ಚಿತ್ರಿಸಿದವಳೂ ಇದೇ ಕಲಾವಿದೆ. ಅವನೂ ಬಿಳಿ ಮಸ್ಲಿನ್‌ನಲ್ಲೇ ಇದ್ದಾನೆ. ಎರಡು ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು, ಬಟ್ಟೆ ಬೆಳಕನ್ನು ಹೇಗೆ ಹಿಡಿಯುತ್ತದೆ ಎಂದು ನೋಡಿ. ನಿಮಗೆ ಬೇಕಾದ ಬಟ್ಟೆ ಯಾವುದೆಂದು ಅಲ್ಲೇ ತಿಳಿಯುತ್ತದೆ.

44 ಇಂಚು ಅಗಲದ ಅಪ್ಪಟ ಹತ್ತಿಯ ಮಲ್ಮಲ್ ಸುಮಾರು ಆರು ಮೀಟರ್ ಸಾಕು. ಪಾಲಿಯೆಸ್ಟರ್ ಬೆರಕೆ ಬೇಡವೇ ಬೇಡ, ಅದರ ನೆರಿಗೆ ಮೆತ್ತಗೆ ಕೂರುವುದಿಲ್ಲ. ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಆಮೇಲೆ ಕುಗ್ಗುತ್ತದೆ. ಭುಜದಿಂದ ನೆಲದವರೆಗಿನ ಉದ್ದದ ಮೂರು ತುಂಡುಗಳನ್ನು ಜೋಡಿಸಿ ದೊಡ್ಡ ಕೊಳವೆಯಂತೆ ಹೊಲಿಯಿರಿ. ತೋಳಿಗೆ ಸೀಳು ಬಿಡಿ. ಕತ್ತು, ಎದೆಯ ಕೆಳಗು, ಸೊಂಟ, ಈ ಮೂರು ಕಡೆ ಒಳಗಿನಿಂದ ಪಟ್ಟಿ ಹೊಲಿದು ಲಾಡಿ ತೂರಿಸಿ. ಗೌನಿಗೆ ಆಕಾರ ಬರುವುದು ಲಾಡಿ ಎಳೆದಾಗಲೇ, ಆದ್ದರಿಂದ ಮೈಗೆ ಹೊಂದಿಸಲು ಬಟ್ಟೆ ಮಡಿಸಿ ಹೊಲಿಯುವ ಡಾರ್ಟ್‌ಗಳ ಲೆಕ್ಕವೇ ಇಲ್ಲ. ಉದ್ದನೆಯ ಹೊಲಿಗೆಗಳೆಲ್ಲ ಯಂತ್ರದಲ್ಲಾಗಲಿ, ಆದರೆ ಕತ್ತಿನ ಸಣ್ಣ ನೆರಿಗೆಗಳ ಅಂಚನ್ನು ಕೈಯಿಂದಲೇ ಮಡಿಸಿ ಹೊಲಿಯಿರಿ. ಯಂತ್ರದ ದಾರ ಮಲ್ಮಲ್ಲನ್ನು ಬಿರುಸಾಗಿಸುತ್ತದೆ. ಒಳಗೊಂದು ಬಿಳಿ ಲಂಗ ಇರಲೇಬೇಕು.

ಸೊಂಟಕ್ಕೆ ತೆಳು ಹೊನ್ನಿನ ಬಣ್ಣದ ಅಗಲ ಪಟ್ಟಿ ಕಟ್ಟಿ, ಬ್ರೊಕೇಡ್‌ಗೆ ಎತ್ತಿಟ್ಟ ಹಣವನ್ನು ಒಳ್ಳೆಯ ರೇಷ್ಮೆಯಾಗಿ ಇಲ್ಲಿ ಹಾಕಿ. ತಲೆಗೆ ರಿಬ್ಬನ್, ಗರಿ ಸಿಕ್ಕಿಸಿದ ಅಗಲವಾದ ಹುಲ್ಲಿನ ಟೋಪಿ ಸಾಕು. ಗೋಪುರದಂಥ ಕೇಶಾಲಂಕಾರ ಈ ಉಡುಪಿಗೆ ಹೊಂದುವುದಿಲ್ಲ. ನಿಮ್ಮ ಎತ್ತರ ಮತ್ತು ಎದೆಯ ಸುತ್ತಳತೆ ತಿಳಿಸಿದರೆ ಲಾಡಿಪಟ್ಟಿ ಎಲ್ಲೆಲ್ಲಿ ಬರಬೇಕೆಂದು ಗುರುತು ಹಾಕಿದ ನಕ್ಷೆಯನ್ನು ಬರೆದು ಕಳುಹಿಸುತ್ತೇನೆ.