ಸೈಕಲ್ ಬರದಿದ್ರೆ ನಡೆಯುತ್ತಾ ಅಂತ ಕೇಳಿದ್ರಲ್ಲ

ನೆದರ್ಲ್ಯಾಂಡ್ಸ್‌ಗೆ ಬರೋ ಮುಂಚೆ ಆರು ಪ್ರಶ್ನೆ ಕೇಳಿದ್ದೀರಿ. ಐದಕ್ಕೆ ಬೇಗ ಬೇಗ ಹೇಳಿಬಿಡ್ತೀನಿ. ಆರನೇದಕ್ಕೆ ಸ್ವಲ್ಪ ಕೂತು ಹೇಳ್ಬೇಕು.

ಮನೆ ಐಂಡ್‌ಹೋವೆನ್‌ನಲ್ಲೋ ವೆಲ್ಡ್‌ಹೋವೆನ್‌ನಲ್ಲೋ ಅಂತ ತಲೆ ಕೆಡಿಸ್ಕೋಬೇಡಿ, ಎರಡೂ ಅಂಟಿಕೊಂಡೇ ಇವೆ, ಸಿಕ್ಕಿದ ಕಡೆ ಹಿಡೀರಿ. ಬಂದ ತಕ್ಷಣ ನಗರಸಭೆಯಲ್ಲಿ ಹೆಸರು ನೋಂದಾಯಿಸಿ. ಆಗ ಸಿಗೋ ಬಿಎಸ್ಎನ್ (ಇಲ್ಲಿಯ ನಾಗರಿಕ ಗುರುತಿನ ಸಂಖ್ಯೆ) ಇಲ್ಲದೆ ಇಲ್ಲಿ ಹುಲ್ಲುಕಡ್ಡಿಯೂ ಅಲ್ಲಾಡೋಲ್ಲ. ಆರೋಗ್ಯ ವಿಮೆ ಮಾಡಿಸೋಕೆ ನಾಲ್ಕು ತಿಂಗಳ ಗಡುವು, ಮರೀಬೇಡಿ. ಇಲ್ಲಿ ಐದು ತುಂಬಿದ ಮಕ್ಕಳಿಗೆ ಶಾಲೆ ಕಡ್ಡಾಯ, ನಿಮ್ಮ ಮಗನಿಗೆ ಆರು, ಹಾಗಾಗಿ ಆ ಕೆಲಸ ಮೊದಲು. ಕೋಟು ಅಲ್ಲಿಂದ ಹೊತ್ಕೊಂಡು ಬರಬೇಡಿ. ಇಲ್ಲಿ ಚಳಿಗಿಂತ ಗಾಳಿ ಜಾಸ್ತಿ, ಅದನ್ನ ತಡೆಯೋ ಕೋಟು ಇಲ್ಲೇ ಸಿಗುತ್ತೆ. ದಿನಸಿ ಎಲ್ಲಾ ಸಿಗುತ್ತೆ, ಪೆಟ್ಟಿಗೆ ತುಂಬಾ ಬೇಳೆ ತುಂಬ್ಕೊಂಡು ಬರಬೇಡಿ.

ಇನ್ನು ಕೊನೇ ಸಾಲಲ್ಲಿ ಬರೆದಿದ್ದೀರಿ: “ನನಗೆ ಸೈಕಲ್ ಬರೋಲ್ಲ ಅಕ್ಕಾ, ಮೂವತ್ತಮೂರಕ್ಕೆ ಕಲಿಯೋಕೂ ನಾಚಿಕೆ. ಬಸ್ಸಲ್ಲೇ ಸುಧಾರಿಸಬಹುದಲ್ವಾ? ಇಲ್ಲಾಂದ್ರೆ ಇವರು ಕಾರ್ ತಗೋತೀನಿ ಅಂತಿದ್ದಾರೆ.”

2013ರ ಆಗಸ್ಟ್‌ನಲ್ಲಿ ಇದೇ ಮಾತನ್ನ ನಾನು ನಮ್ಮನೆಯವರಿಗೆ ಹೇಳಿದ್ದೆ. ಬಸ್ಸಲ್ಲಿ ಸುಧಾರಿಸಬಹುದು, ನಾನೂ ಎರಡು ವರ್ಷ ಸುಧಾರಿಸಿದೆ. ಕಾರೂ ಇಟ್ಕೋಬಹುದು, ಭಾರತದ ಲೈಸೆನ್ಸ್ ಇಲ್ಲಿ 185 ದಿನ ನಡೆಯುತ್ತೆ, ಆಮೇಲೆ ಇಲ್ಲಿಯದೇ ಬೇಕು. ಆದ್ರೆ ನೀವು ಅಕ್ಕಾ ಅಂತ ಕರೆದಿದ್ದೀರಿ. ಅದಕ್ಕೇ ಆ ಎರಡು ವರ್ಷದಲ್ಲಿ ಏನಾಯ್ತು ಅನ್ನೋದನ್ನ ಮುಚ್ಚಿಡದೆ ಹೇಳ್ತೀನಿ.

ನಮ್ಮ ಕಡೆ ಹೇಗೆ ಅಂತ ನಿಮಗೆ ಗೊತ್ತೇ ಇದೆ. ಅಣ್ಣ ಒಳಪೆಡ್ಲು ಹೊಡೆದು ಕಲಿತ, ನಾನು ಅವನ ಹಿಂದೆ ಕ್ಯಾರಿಯರ್ ಮೇಲೆ ಕೂತು ಶಾಲೆಗೆ ಹೋದೆ. ಕಲಿಬೇಡ ಅಂತ ಯಾರೂ ಬೈಲಿಲ್ಲ, ಕಲಿ ಅಂತಾನೂ ಯಾರೂ ಹೇಳ್ಲಿಲ್ಲ. ಆಮೇಲೆ ಸ್ಕೂಟರ್ ಬಂತು, ಕಾರ್ ಬಂತು, ಸೈಕಲ್ ಅಂದ್ರೆ ನಾವು ದಾಟಿ ಬಂದ ಕಾಲ ಅಂತ ಮನಸ್ಸಲ್ಲಿ ಕೂತ್ಬಿಟ್ಟಿತ್ತು. ಇಲ್ಲಿ ಬಂದು ನೋಡಿದ್ರೆ ಡಾಕ್ಟರು, ಮೇಷ್ಟ್ರು, ಎಪ್ಪತ್ತು ದಾಟಿದ ಅಜ್ಜಿಯರು, ಹಿಂದೊಂದು ಮುಂದೊಂದು ಮಗು ಕೂರಿಸ್ಕೊಂಡ ತಾಯಂದಿರು, ಎಲ್ಲರೂ ಅದರ ಮೇಲೇ. ಈ ದೇಶದಲ್ಲಿ ಜನಕ್ಕಿಂತ ಸೈಕಲ್ ಜಾಸ್ತಿ. ನಾನು ಬಸ್ ಸ್ಟಾಪಿನಲ್ಲಿ ನಿಂತು ಅವರನ್ನ ನೋಡ್ತಿದ್ದೆ. ನನ್ನಿಂದ ಆಗದ ಕೆಲಸ ಅಂತ ತೀರ್ಮಾನ ಮಾಡ್ಕೊಂಡಿದ್ದೆ.

ನಮ್ಮನೆಯವರಿಗೆ ಬರ್ತಿತ್ತು, ಆದ್ರೆ ಕೆಲಸಕ್ಕೆ ಹೋದ್ರೆ ಕತ್ತಲಾದ ಮೇಲೇ ಬರೋರು. ಮಗಳಿಗೆ ಕಲಿಸ್ತೀನಿ ಅಂತ ಎರಡು ಬಾರಿ ಹೊರಟಾಗ ನಾನೇ ತಡೆದೆ. ಬಿದ್ರೆ? ಇಲ್ಲಿ ರಸ್ತೆಯ ಬಲಗಡೆ ಓಡಿಸೋದು, ಗಾಡಿಗಳು ಬೇರೆ. ಅವಳು ನನ್ನ ಜೊತೆ ಬಸ್ಸಲ್ಲಿ, ಕಾಲ್ನಡಿಗೆಯಲ್ಲಿ ಶಾಲೆಗೆ ಹೋಗ್ತಿದ್ಲು.

2015ರ ಮೇ ತಿಂಗಳು, ಅವಳಿಗೆ ಎಂಟು ವರ್ಷ. ತರಗತಿಯ ಮಕ್ಕಳೆಲ್ಲ ಸೈಕಲ್ ಮೇಲೆ ಹತ್ತಿರದ ಕಾಡಿಗೆ ಹೋಗೋ ದಿನ ಅಂತ ಶಾಲೆಯಿಂದ ಚೀಟಿ ಬಂತು. ಜೊತೆಗೆ ಹೋಗೋಕೆ ಕೆಲವು ತಾಯಂದಿರೂ ಬೇಕು ಅಂತಿತ್ತು. ಸೈಕಲ್ ಬರದ ಮಕ್ಕಳಿದ್ರೆ ತಿಳಿಸಿ, ಯಾರಾದ್ರೂ ಹಿಂದೆ ಕೂರಿಸ್ಕೋತಾರೆ ಅಂತಾನೂ ಸ್ಪಷ್ಟವಾಗಿ ಬರೆದಿದ್ರು. ಒಂದು ಮಾತು ಹೇಳಿದ್ರೆ ಮುಗೀತಿತ್ತು. ನನ್ನ ಬಾಯಿಂದ ಅದು ಬರ್ಲಿಲ್ಲ. ಅಷ್ಟು ಜನ ತಾಯಂದಿರ ಮುಂದೆ, ನನಗೂ ಬರೋಲ್ಲ ನನ್ನ ಮಗಳಿಗೂ ಬರೋಲ್ಲ ಅನ್ನೋದು ನನ್ನಿಂದ ಆಗ್ಲಿಲ್ಲ. ಆವತ್ತು ಬೆಳಿಗ್ಗೆ ಫೋನ್ ಮಾಡಿ, ಮಗಳಿಗೆ ಜ್ವರ ಅಂದೆ.

ಅವಳು ಪಕ್ಕದಲ್ಲೇ ನಿಂತಿದ್ಲು. ಬೂಟು ಹಾಕ್ಕೊಂಡು, ಚೀಲ ಹೆಗಲಿಗೆ ಏರಿಸ್ಕೊಂಡು.

ಏನೂ ಅನ್ನಲಿಲ್ಲ. ಇಡೀ ದಿನ ಮನೇಲೇ ಬಣ್ಣ ಹಚ್ಚುತ್ತಾ ಕೂತಿದ್ಲು. ರಾತ್ರಿ ಹೊದಿಸೋಕೆ ಹೋದಾಗ ಕೇಳಿದ್ಲು, “ಅಮ್ಮಾ, ನಾಳೆ ಯಾರಾದ್ರೂ ಕೇಳಿದ್ರೆ ಜ್ವರ ಇತ್ತು ಅಂತಾನೇ ಹೇಳ್ಬೇಕಾ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಹ್ಞೂಂ ಅಂದೆ. ಸೈಕಲ್ ಬರದೇ ಇದ್ದದ್ದು ಹೋಗ್ಲಿ, ಆ ಹ್ಞೂಂ ಇದೆಯಲ್ಲ, ಅದು ಇವತ್ತಿಗೂ ಚುಚ್ಚುತ್ತೆ. ಮಕ್ಕಳೆಲ್ಲ ಮರಕ್ಕೆ ಸೈಕಲ್ ಒರಗಿಸಿ ನಿಂತಿರೋ ಫೋಟೋ ವಾರದ ನಂತರ ಮನೆಗೆ ಬಂತು. ಅವಳು ಒಬ್ಬೊಬ್ಬರ ಹೆಸರೂ ಹೇಳಿ ನನಗೆ ಪರಿಚಯ ಮಾಡಿಸಿದ್ಲು.

ಆ ವಾರವೇ ನಮ್ಮ ಬಡಾವಣೆಯ ಸಮುದಾಯ ಭವನಕ್ಕೆ ಹೋಗಿ ವಿಚಾರಿಸಿದೆ. ವಲಸೆ ಬಂದ ಹೆಂಗಸರಿಗೆ ಸೈಕಲ್ ಕಲಿಸೋ ತರಗತಿಗಳು ಇಲ್ಲಿ ಎಷ್ಟೋ ಊರಲ್ಲಿವೆ. ಟರ್ಕಿ, ಮೊರಾಕೊ, ಸಿರಿಯಾ, ಎರಿಟ್ರಿಯಾದ ಹೆಂಗಸರ ಮಧ್ಯೆ ನಾನು. ನನಗಿಂತ ದೊಡ್ಡವರೇ ಜಾಸ್ತಿ ಇದ್ರು. ಸೀಟು ಪೂರ್ತಿ ಇಳಿಸಿ, ಪೆಡಲ್ ಬಿಚ್ಚಿಟ್ಟು, ಎರಡೂ ಕಾಲಲ್ಲಿ ನೆಲ ತಳ್ಳುತ್ತಾ ಹೋಗಬೇಕು. ಸಮತೋಲನ ಬಂದ ಮೇಲೇ ಪೆಡಲ್. ಹಿಂದಿನಿಂದ ಯಾರೋ ಹಿಡ್ಕೊಂಡು ಓಡೋ ನಮ್ಮ ಪದ್ಧತಿಗಿಂತ ಇದು ಎಷ್ಟೋ ವಾಸಿ. ಬಿದ್ರೂ ಮೊಣಕಾಲಿಗೆ ಪೆಟ್ಟಿಲ್ಲ.

ಕಲಿಸ್ತಿದ್ದಾಕೆ ಅರವತ್ತರ ಹತ್ತಿರದ ಡಚ್ ಹೆಂಗಸು, ಸಂಬಳ ಇಲ್ಲದೆ ಕಲಿಸೋರು. ಒಂದು ದಿನ ದಣಿವಾರಿಸ್ಕೊಳ್ಳುವಾಗ, ನೀವೆಲ್ಲ ಹುಟ್ಟುತ್ತಲೇ ಈ ಕೆಂಪು ಸೈಕಲ್ ದಾರಿಗಳ ಮೇಲೆ ಬೆಳೆದೋರು ಅಂದೆ. ಆಕೆ ಇಲ್ಲ ಅಂದ್ರು. ತಾನು ಚಿಕ್ಕವಳಿದ್ದಾಗ ಈ ದಾರಿಗಳು ಹೀಗಿರಲಿಲ್ಲ, ರಸ್ತೆಯೆಲ್ಲ ಕಾರಿನದ್ದಾಗಿತ್ತು ಅಂದ್ರು. 1971ರಲ್ಲಿ ಈ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಅಪ್ಪ ಅಮ್ಮಂದಿರು ಬೀದಿಗಿಳಿದ್ರು. ‘ಸ್ಟಾಪ್ ದೆ ಕಿಂಡರ್‌ಮೋರ್ಟ್’, ಅಂದ್ರೆ ಮಕ್ಕಳ ಕೊಲೆ ನಿಲ್ಲಿಸಿ ಅಂತ ಆ ಚಳವಳಿಯ ಹೆಸರು. ಅದೇ ಹೊತ್ತಿಗೆ 1973ರ ತೈಲ ಬಿಕ್ಕಟ್ಟು ಬಂತು, ಭಾನುವಾರ ಕಾರು ಹೊರಗೆ ತೆಗೆಯೋ ಹಾಗಿರಲಿಲ್ಲ, ಖಾಲಿ ರಸ್ತೆ ಹೇಗಿರುತ್ತೆ ಅಂತ ಜನ ಕಣ್ಣಾರೆ ಕಂಡ್ರು. ದಾರಿಗಳು ಒಂದೊಂದಾಗಿ ಆಗಿದ್ದು ಆಮೇಲೆ. ಬಿದ್ರೆ ಅನ್ನೋ ಭಯದಲ್ಲಿ ನಾನು ಮಗಳನ್ನ ಮನೇಲಿ ಕೂರಿಸಿದ್ದೆ. ಅದೇ ಭಯ ಇದ್ದ ತಾಯಂದಿರು ಅವಳಿಗೋಸ್ಕರ, ಅವಳು ಹುಟ್ಟೋಕೆ ಮೂವತ್ತು ನಲವತ್ತು ವರ್ಷ ಮೊದಲೇ ದಾರಿ ಮಾಡಿಸಿಟ್ಟಿದ್ರು. ಆವತ್ತು ಮನೆಗೆ ನಡ್ಕೊಂಡು ಬರುವಾಗ ಪ್ರತಿಯೊಂದು ಕೆಂಪು ದಾರಿಯನ್ನೂ ಬೇರೆ ಕಣ್ಣಿಂದ ನೋಡಿದೆ.

ಸೈಕಲ್ ಬಂತು. ಆದ್ರೆ ಬರೋದು ಬೇರೆ, ಅದರ ಮೇಲೆ ಪ್ರೀತಿ ಹುಟ್ಟೋದು ಬೇರೆ. ಮೊದಲ ತಿಂಗಳು ಹ್ಯಾಂಡಲ್ ಗಟ್ಟಿಯಾಗಿ ಹಿಡಿದು ಅಂಗೈ ಕೆಂಪಾಗ್ತಿತ್ತು. ಪ್ರೀತಿ ಹುಟ್ಟಿದ್ದು ಅಕ್ಟೋಬರ್‌ನಲ್ಲಿ, ಹೋವೆನ್‌ರಿಂಗ್ ಮೇಲೆ. ನೀವು ಮನೆ ನೋಡ್ತಿರೋ ಕಡೆಗೇ ಅದು ಸಿಗುತ್ತೆ: ವೆಲ್ಡ್‌ಹೋವೆನ್‌ಗೆ ಹೋಗೋ ದೊಡ್ಡ ನಾಲ್ಕು ರಸ್ತೆ ಕೂಡೋ ಕಡೆ, ಕಾರುಗಳ ತಲೆ ಮೇಲೆ ತೂಗುಹಾಕಿರೋ ದುಂಡನೆ ಸೇತುವೆ. ಬರೀ ಸೈಕಲ್ಲಿಗೆ, ನಡೆಯೋರಿಗೆ. 2012ರಲ್ಲಿ ತೆರೆದದ್ದು, 72 ಮೀಟರ್ ಅಗಲದ ಬಳೆ, ಮಧ್ಯದಲ್ಲೊಂದು ಎತ್ತರದ ಕಂಬ, ಅದರಿಂದ ಇಳಿಬಿಟ್ಟ 24 ಕೇಬಲ್. ಏರು ಗೊತ್ತೇ ಆಗದಿರಲಿ ಅಂತ ಕೆಳಗಿನ ಕಾರಿನ ರಸ್ತೆಯನ್ನೇ ತಗ್ಗಿಸಿದ್ದಾರೆ.

ಮಗಳನ್ನ ಶಾಲೆಗೆ ಬಿಟ್ಟು ವಾಪಸ್ ಬರ್ತಿದ್ದೆ. ಗಾಳಿ ಬೆನ್ನಿಗಿತ್ತು. ಸೇತುವೆ ಮೇಲೆ ಬಂದಾಗ ಕೆಳಗೆ ಕಾರುಗಳೆಲ್ಲ ಸಿಗ್ನಲ್ಲಿಗೆ ನಿಂತಿದ್ವು, ನಾನು ಎಲ್ಲೂ ಕಾಲು ಊರದೆ ಹೋಗ್ತಾ ಇದ್ದೆ. ಮನೆ ಕಡೆ ಇಳಿಯೋ ದಾರಿ ಬಂತು. ಇಳೀಲಿಲ್ಲ. ಇನ್ನೊಂದು ಸುತ್ತು ಹಾಕಿದೆ. ಆಗ ಗೊತ್ತಾಯ್ತು, ಎರಡು ವರ್ಷದಲ್ಲಿ ಮೊದಲ ಸಲ, ನಾನು ಎಲ್ಲಿದ್ದೀನಿ ಅಂತ ಯಾರಿಗೂ ಗೊತ್ತಿಲ್ಲ, ಯಾರೂ ನನ್ನನ್ನ ಕರ್ಕೊಂಡು ಬಂದಿಲ್ಲ, ವಾಪಸ್ ಕರ್ಕೊಂಡು ಹೋಗೋಕೂ ಯಾರೂ ಬರಬೇಕಿಲ್ಲ. ಗೊತ್ತಿಲ್ಲದ ದಾರಿ ಹಿಡಿದೆ. ಹುಲ್ಲುಗಾವಲು, ಕುದುರೆಗಳು, ಒಂದು ಚರ್ಚಿನ ಗೋಪುರ, ನನ್ನ ಉಸಿರು. ಮನೆ ಸೇರಿದಾಗ ಹನ್ನೊಂದೂವರೆ. ಈ ದೇಶ ನನಗೂ ಸೇರಿದ್ದು ಅಂತ ಅನ್ನಿಸಿದ್ದು ಆವತ್ತು.

ಮಗಳು ಎರಡೇ ದಿನದಲ್ಲಿ ಕಲಿತ್ಲು. ಪ್ರಾಥಮಿಕ ಶಾಲೆಯ ಕೊನೇ ವರ್ಷಗಳಲ್ಲಿ ಇಲ್ಲಿ ಮಕ್ಕಳಿಗೆ ಸೈಕಲ್ ಮೇಲೆ ರಸ್ತೆ ಪರೀಕ್ಷೆ ಇರುತ್ತೆ, ಅದನ್ನೂ ಪಾಸ್ ಮಾಡಿದ್ಲು. ಈಗ ಉಟ್ರೆಖ್ಟ್‌ನಲ್ಲಿ ಓದ್ತಾಳೆ, 12,500 ಸೈಕಲ್ ನಿಲ್ಲೋ ಸ್ಟೇಷನ್ ನೆಲಮಾಳಿಗೆಯಲ್ಲಿ ಅವಳದ್ದೂ ಒಂದು ನಿಲ್ಲುತ್ತೆ. ಆ ಜ್ವರದ ವಿಷಯ ನಾನು ಎರಡು ವರ್ಷದ ಹಿಂದೆ ಎತ್ತಿದೆ, ತಪ್ಪಾಯ್ತು ಅಂದೆ. ನನಗೆ ನೆನಪಿದೆ ಅಮ್ಮ ಅಂದ್ಲು, ಅಷ್ಟೇ.

ಕಲಿಯುವಾಗ ಇಷ್ಟು ಗಮನದಲ್ಲಿರಲಿ. ಇಲ್ಲಿಯ ಎಷ್ಟೋ ಸೈಕಲ್ಲಿಗೆ ಪೆಡಲ್ ಹಿಂದಕ್ಕೆ ತುಳಿದ್ರೆ ಬ್ರೇಕ್. ನಮ್ಮೋರು ಅಭ್ಯಾಸಬಲದಿಂದ ಹಿಂದಕ್ಕೆ ತಿರುಗಿಸಿ ನಡುರಸ್ತೆಯಲ್ಲಿ ನಿಂತ್ಬಿಡ್ತಾರೆ. ರಸ್ತೆ ಮೇಲೆ ಬಿಳಿ ತ್ರಿಕೋನಗಳ ಮೊನೆ ನಿಮ್ಮ ಕಡೆಗಿದ್ರೆ ಅಡ್ಡ ಬರೋರಿಗೆ ನೀವು ದಾರಿ ಬಿಡಬೇಕು, ಗುರುತೇ ಇಲ್ಲದ ಕಡೆ ಬಲದಿಂದ ಬರೋರಿಗೆ ಮೊದಲು ದಾರಿ. ತಿರುಗೋ ಮುಂಚೆ ಕೈ ಚಾಚಿ. ಕತ್ತಲಲ್ಲಿ ದೀಪ ಇಲ್ಲದಿದ್ರೆ ದಂಡ, 2019ರಿಂದ ಓಡಿಸುವಾಗ ಫೋನ್ ಕೈಯಲ್ಲಿ ಹಿಡಿದ್ರೂ ದಂಡ. ಬೀದಿಯಲ್ಲಿ ಯಾರಾದ್ರೂ ಚೀಪಾಗಿ ಕೊಡ್ತೀನಿ ಅಂದ್ರೆ ತಗೋಬೇಡಿ, ಕದ್ದಿದ್ದೇ ಇರುತ್ತೆ. ಬೀಗ ಎರಡು ಹಾಕಿ. ಗುಡ್ಡ ಇಲ್ಲದ ಈ ಊರಲ್ಲಿ ಎದುರುಗಾಳಿಯೇ ಗುಡ್ಡ. ಆ ದಿನ ನಿಧಾನವಾಗಿ ಹೋಗಿ, ತಳ್ಕೊಂಡು ಹೋದ್ರೂ ಯಾರೂ ನೋಡೋಲ್ಲ.

ಮಗನ ಶಾಲೆಯಲ್ಲಿ ಮೊದಲ ದಿನವೇ ಹೇಳಿಬಿಡಿ, ನಮಗಿಬ್ಬರಿಗೂ ಇನ್ನೂ ಸೈಕಲ್ ಬರೋಲ್ಲ, ಕಲೀತಿದ್ದೀವಿ ಅಂತ. ಅವನು ಪಕ್ಕದಲ್ಲಿ ನಿಂತಿರುವಾಗಲೇ ಹೇಳಿ.

ನಾನು ಕಲಿತ ಸೈಕಲ್ ಶೆಡ್ಡಲ್ಲೇ ಇದೆ, ಯಾರಿಗೂ ಕೊಟ್ಟಿಲ್ಲ. ಟೈರಿಗೆ ಗಾಳಿ ತುಂಬಿ, ಸೀಟು ಇಳಿಸಿ, ಪೆಡಲ್ ಬಿಚ್ಚಿಟ್ಟಿರ್ತೀನಿ. ಬಂದ ವಾರವೇ ಶನಿವಾರ ಬೆಳಿಗ್ಗೆ ಬನ್ನಿ, ಶಾಲೆಯ ಅಂಗಳ ಖಾಲಿ ಇರುತ್ತೆ. ದುಪಟ್ಟಾ ಮನೇಲೇ ಬಿಟ್ಟು ಬನ್ನಿ, ಚಕ್ರಕ್ಕೆ ಸಿಗುತ್ತೆ.