ಟಾಮ್‌ಕ್ಯಾಟ್ ಅಪ್‌ಗ್ರೇಡ್ ಆದ ಮೇಲೆ ಅಪಾಚಿಯಲ್ಲಿ 503 ಯಾಕೆ ಬರುತ್ತಿದೆ?

ಜಾವಾ ಆ್ಯಪ್ ಓಡಿಸುವ ಟಾಮ್‌ಕ್ಯಾಟ್‌ನ 8080 ಪೋರ್ಟ್‌ನಲ್ಲಿ ನೇರವಾಗಿ ತೆರೆದರೆ ಆ್ಯಪ್ ಬರುತ್ತದೆ, ಅದರ ಮುಂದೆ ನಿಂತ ವೆಬ್ ಸರ್ವರ್ ಅಪಾಚಿ ಮೂಲಕ ಹೋದರೆ 503, ಅಂದರೆ 'ಸೇವೆ ಸಿಗುತ್ತಿಲ್ಲ'. ಅದೂ ಟಾಮ್‌ಕ್ಯಾಟ್ 9.0.30 ಬಿಟ್ಟು ಹೊಸದಕ್ಕೆ ಹೋದ ದಿನದಿಂದ. ಹಾಗಿದ್ದರೆ ತಪ್ಪು ಹುಡುಕಲು ಅಪಾಚಿ ಕಾನ್ಫಿಗ್ ಕೆದಕಬೇಡಿ, ತಪ್ಪು ಅಲ್ಲಿಲ್ಲ.

ನೀವು ಬಹುಶಃ ಎಜೆಪಿ, ಅಂದರೆ ಅಪಾಚಿಯು ಟಾಮ್‌ಕ್ಯಾಟ್ ಜೊತೆ 8009 ಪೋರ್ಟ್‌ನಲ್ಲಿ ಮಾತಾಡುವ ಪ್ರೋಟೋಕಾಲ್ ಬಳಸುತ್ತಿದ್ದೀರಿ. 2020ರ ಫೆಬ್ರವರಿಯಲ್ಲಿ ಅದರಲ್ಲಿ ಘೋಸ್ಟ್‌ಕ್ಯಾಟ್ ಎಂಬ ದೊಡ್ಡ ತೂತು ಹೊರಬಿತ್ತು. ಆ ಪೋರ್ಟ್ ಕೈಗೆ ಸಿಕ್ಕವರು ಆ್ಯಪ್‌ನೊಳಗಿನ ಫೈಲುಗಳನ್ನೇ ಓದಬಹುದಿತ್ತು. ಅದಕ್ಕೇ 9.0.31ರಿಂದ ಎಜೆಪಿ ಕನೆಕ್ಟರ್ ತಾನಾಗಿ ಶುರುವಾಗುವುದಿಲ್ಲ. ಟಾಮ್‌ಕ್ಯಾಟ್‌ನ ಕಾನ್ಫಿಗ್ ಫೈಲ್ ಆದ ಹಳೆಯ ಸರ್ವರ್ ಡಾಟ್ ಎಕ್ಸ್‌ಎಂಎಲ್ ಹಾಗೇ ಇಟ್ಟುಕೊಂಡಿದ್ದರೂ 'ಸೀಕ್ರೆಟ್', ಅಂದರೆ ಗುಪ್ತಪದ ಕೊಡದಿದ್ದರೆ ಕನೆಕ್ಟರ್ ಏಳುವುದಿಲ್ಲ. ಟಾಮ್‌ಕ್ಯಾಟ್ ಲಾಗ್‌ನಲ್ಲಿ ಇದನ್ನು ಬರೆದೇ ಇರುತ್ತದೆ, ನಾವು ನೋಡಿರುವುದಿಲ್ಲ ಅಷ್ಟೇ.

ಎರಡೂ ಕಡೆ ಒಂದೇ ಸೀಕ್ರೆಟ್ ಹಾಕಿದರೆ ಕೆಲಸ ನಡೆಯುತ್ತದೆ. ಆದರೆ ಅಪಾಚಿ ಕಾನ್ಫಿಗ್‌ನಲ್ಲಿ ಬಂದ ವಿನಂತಿಯನ್ನು ಟಾಮ್‌ಕ್ಯಾಟ್‌ಗೆ ದಾಟಿಸುವ ಪ್ರಾಕ್ಸಿಪಾಸ್ ಸಾಲಿನಲ್ಲಿ ಸೀಕ್ರೆಟ್ ಬರೆಯುವ ಸೌಲಭ್ಯ ಬಂದದ್ದು ಅಪಾಚಿ 2.4.42ರಲ್ಲಿ. ನನ್ನ ಮಾತು ಕೇಳುವುದಾದರೆ ಎಜೆಪಿ ಬಿಟ್ಟುಬಿಡಿ. ಪ್ರಾಕ್ಸಿಪಾಸ್ ಮತ್ತು ಪ್ರಾಕ್ಸಿಪಾಸ್‌ರಿವರ್ಸ್ ಎರಡನ್ನೂ ಎಚ್‌ಟಿಟಿಪಿಯಲ್ಲಿ 127.0.0.1ರ 8080ಕ್ಕೆ ತಿರುಗಿಸಿ. ಏನಾದರೂ ಕೆಟ್ಟರೆ ಸುಮ್ನೆ ಟರ್ಮಿನಲ್‌ನಿಂದ ಒಂದು ಕರ್ಲ್ ಕಮಾಂಡ್ ಹೊಡೆದು ನೋಡಬಹುದು. ಎಜೆಪಿಯಲ್ಲಿ ಆ ಸುಖ ಇಲ್ಲ.

ನಾನು ಹೀಗೆ ಬದಲಿಸಿದ ರಾತ್ರಿ ಮತ್ತೆ 503 ಬಂತು. ಟಾಮ್‌ಕ್ಯಾಟನ್ನೇ ನಾಲ್ಕು ಸಲ ರೀಸ್ಟಾರ್ಟ್ ಮಾಡಿದೆ, ದಂಡ. ಕೊನೆಗೆ ಅಪಾಚಿಯ ಎರರ್ ಲಾಗ್ ತೆರೆದರೆ ಬ್ರಾಕೆಟ್‌ನಲ್ಲಿ 13 ಅಂತಿತ್ತು. 111 ಇದ್ದರೆ ಆ ಪೋರ್ಟ್‌ನಲ್ಲಿ ಯಾರೂ ಕೂತಿಲ್ಲ ಎಂದರ್ಥ. 13 ಅಂದರೆ ಅನುಮತಿ ಇಲ್ಲ. ನಮ್ಮದು ಸೆಂಟ್‌ಓಎಸ್, ತಡೆದದ್ದು ಅದರ ಭದ್ರತಾ ವ್ಯವಸ್ಥೆ ಎಸ್‌ಇಲಿನಕ್ಸ್. 'ಎಚ್‌ಟಿಟಿಪಿಡಿ ಕ್ಯಾನ್ ನೆಟ್‌ವರ್ಕ್ ಕನೆಕ್ಟ್' ಎಂಬ ಸ್ವಿಚ್ ಆನ್ ಮಾಡಿದ ಕೂಡಲೇ ಪೇಜ್ ಬಂತು.

ಇನ್ನೊಂದು ಕಾಟ ಬಾಕಿ ಇದೆ. ಬ್ರೌಸರ್ ಎಚ್‌ಟಿಟಿಪಿಎಸ್‌ನಲ್ಲಿ ಬಂದದ್ದು, ಅದರ ಐಪಿ ಯಾವುದು, ಇವನ್ನೆಲ್ಲ ಎಜೆಪಿ ತಾನೇ ಒಳಗೆ ಮುಟ್ಟಿಸುತ್ತಿತ್ತು. ಈಗ ಆ್ಯಪ್ ಕಣ್ಣಿಗೆ ಎಲ್ಲರೂ 127.0.0.1. ಲಾಗಿನ್ ಆದವರನ್ನು ಎಸ್ ಇಲ್ಲದ ವಿಳಾಸಕ್ಕೆ ಕಳಿಸಿಬಿಡುತ್ತದೆ. ಅಪಾಚಿಯಲ್ಲಿ ಮೂಲ ಹೋಸ್ಟ್ ಹೆಸರನ್ನು ಹಾಗೇ ದಾಟಿಸುವ ಪ್ರಾಕ್ಸಿಪ್ರಿಸರ್ವ್‌ಹೋಸ್ಟ್ ಆನ್ ಮಾಡಿ, ಎಚ್‌ಟಿಟಿಪಿಎಸ್ ಎಂದು ತಿಳಿಸುವ ಎಕ್ಸ್-ಫಾರ್ವರ್ಡೆಡ್-ಪ್ರೋಟೋ ಹೆಡರನ್ನು ನೀವೇ ಸೇರಿಸಿ. ಬಂದವರ ಐಪಿ ತಿಳಿಸುವ ಎಕ್ಸ್-ಫಾರ್ವರ್ಡೆಡ್-ಫಾರ್ ಅನ್ನು ಅಪಾಚಿಯೇ ಹಾಕಿಕೊಳ್ಳುತ್ತದೆ. ಟಾಮ್‌ಕ್ಯಾಟ್ ಕಡೆ ಈ ಹೆಡರ್‌ಗಳನ್ನು ಓದುವ ರಿಮೋಟ್‌ಐಪಿವಾಲ್ವ್ ಬೇಕು. ಆಕ್ಸೆಸ್ ಲಾಗ್‌ನಲ್ಲೂ ನಿಜವಾದ ಐಪಿ ಬೇಕಿದ್ದರೆ ಆಕ್ಸೆಸ್‌ಲಾಗ್‌ವಾಲ್ವ್‌ನಲ್ಲಿ ರಿಕ್ವೆಸ್ಟ್‌ಆಟ್ರಿಬ್ಯೂಟ್ಸ್‌ಎನೇಬಲ್ಡ್ ಅನ್ನೋದನ್ನು ಟ್ರೂ ಮಾಡಬೇಕು. ಇದನ್ನು ಜಾಸ್ತಿ ಜನ ಮರೆಯುತ್ತಾರೆ, ನಾನೂ ಮರೆತಿದ್ದೆ.