ಬಾಸ್‌ಗೆ ಬೇಕಾದವರಿಗೆ ಜಾಸ್ತಿ ಸಂಬಳ ಕೊಟ್ಟರೆ ಕೇಸು ಹಾಕಬಹುದಾ?

ಖಾಸಗಿ ಕಂಪನಿಯಲ್ಲಿ ಬರೀ ಬಾಸ್‌ಗೆ ಬೇಕಾದವನು ಅಂತ ಜಾಸ್ತಿ ಕೊಟ್ಟರೆ ಅದು ಅನ್ಯಾಯ ನಿಜ, ಆದರೆ ಅಷ್ಟಕ್ಕೇ ಕೇಸು ನಿಲ್ಲುವುದು ಕಷ್ಟ. ಹೆಣ್ಣು ಅನ್ನೋ ಕಾರಣಕ್ಕೆ ಕಡಿಮೆ ಕೊಟ್ಟರೆ ಕಥೆಯೇ ಬೇರೆ. 1976ರ ಸಮಾನ ವೇತನ ಕಾಯ್ದೆ ಅದನ್ನು ನಿಷೇಧಿಸಿತ್ತು. 2019ರ ವೇತನ ಸಂಹಿತೆಯಲ್ಲೂ ಅದೇ ನಿಯಮ ಇದೆ.

ಮೆಕಿನ್ನನ್ ಮೆಕೆಂಜಿ ಕಂಪನಿಯ ಪ್ರಕರಣ ನೋಡಿ. ಅಲ್ಲಿ ಮಹಿಳಾ ಸ್ಟೆನೋಗಳಿಗೆ ಗಂಡಸರಿಗಿಂತ ಕಡಿಮೆ ಸಂಬಳ. ಯೂನಿಯನ್ ಜೊತೆ ಒಪ್ಪಂದ ಆಗಿದೆ, ಕೊಡೋಕೆ ದುಡ್ಡಿಲ್ಲ ಅಂತೆಲ್ಲ ಕಂಪನಿ ವಾದಿಸಿತು. 1987ರಲ್ಲಿ ಸುಪ್ರೀಂ ಕೋರ್ಟ್ ಒಂದನ್ನೂ ಒಪ್ಪಲಿಲ್ಲ. ಹುದ್ದೆಯ ಹೆಸರು ಬದಲಿಸಿ ನುಣುಚಿಕೊಳ್ಳುವುದೂ ಸುಲಭವಲ್ಲ, ನೋಡುವುದು ಮಾಡೋ ಕೆಲಸವನ್ನು ಅಲ್ವಾ?

ಸುಮ್ನೆ ಜಗಳ ಬೇಡ. ಸಂಬಳದ ಚೀಟಿ, ಕೆಲಸ ಒಪ್ಪಿಸಿದ ಮೇಲ್‌ಗಳನ್ನು ಜೋಪಾನ ಮಾಡಿ. ಎಚ್‌ಆರ್‌ಗೆ ಬರವಣಿಗೆಯಲ್ಲೇ ಕೇಳಿ, ಆಮೇಲೆ ಕಾರ್ಮಿಕ ಇಲಾಖೆ.